ಗಂಟೆ ಮೇಡಂ

ಅವರು ತೀರಿಕೊಂಡ ಸುದ್ದಿ ನನಗೆ ಫೋನಿನಲ್ಲೇ ಬಂತು. ಚಿಂತಾಮಣಿಯಿಂದ ಅವರ ಮಗಳು ಮಾತಾಡಿದರು. "ಅಮ್ಮ ಹೋಗ್ಬಿಟ್ರು ಸರ್, ಬೆಳಿಗ್ಗೆ" ಎಂದವರು, "ನಿಮ್ದು ತಿಂಡಿ ಆಯ್ತಾ?" ಎಂದು ಕೇಳಿದರು. ಸಾವಿನ ಸುದ್ದಿಯ ಜೊತೆ ಆ ಪ್ರಶ್ನೆ ಬೇರೆಯವರಿಗೆ ವಿಚಿತ್ರವಾಗಿ ಕಂಡೀತು. ನನಗೆ ಮಾತ್ರ ಅಲ್ಲಿಯವರೆಗೆ ಬಾರದ ಅಳು ಆ ಪ್ರಶ್ನೆಗೆ ಬಂತು. ಆ ಮನೆಯಲ್ಲಿ ಫೋನ್ ಹಿಡಿದವರು ಹಾಗೆ ಕೇಳದೆ ಇಡುವ ವಾಡಿಕೆಯೇ ಇರಲಿಲ್ಲ. ವಾಡಿಕೆ ಹಾಕಿಕೊಟ್ಟವರು ಹೋಗಿದ್ದರು.

ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ನಾನು ಅಲ್ಲಿನ ಒಂದು ಖಾಸಗಿ ಹಾಲಿನ ಕಂಪನಿಗೆ ಸೇರಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರುಗಳಲ್ಲಿ ಕಂಪನಿ ಹಾಲು ತಂಪು ಮಾಡುವ ಕೇಂದ್ರಗಳನ್ನು ಇಟ್ಟಿತ್ತು. ಒಂದೊಂದು ಕೇಂದ್ರಕ್ಕೂ ಒಂದು ಕಂಪ್ಯೂಟರ್. ಹಾಲು ತೂಗಿದ್ದನ್ನು ಬರೆದುಕೊಳ್ಳುವುದು, ಚೀಟಿ ಕೊಡುವುದು, ಟ್ಯಾಂಕಿನಲ್ಲಿರುವ ಹಾಲು ಸರಿಯಾಗಿ ತಣ್ಣಗಿದೆಯೇ ಎಂದು ನೋಡುವುದು, ಎಲ್ಲ ಅದರ ಕೆಲಸ. ಆ ಕಂಪ್ಯೂಟರುಗಳೂ ಅವುಗಳ ಟೆಲಿಫೋನ್ ಲೈನುಗಳೂ ನೆಟ್ಟಗಿವೆಯೇ ಎಂದು ಕಾಯುವುದಕ್ಕೆ ಹೆಡ್ ಆಫೀಸಿನಲ್ಲಿ ಇನ್ನೊಂದು ಸಾಫ್ಟ್‌ವೇರ್. ಪರದೆಯ ಮೇಲೆ ಕೇಂದ್ರಕ್ಕೊಂದು ಚೌಕ. ಚೌಕ ಹಸಿರಿದ್ದರೆ ಎಲ್ಲ ಸರಿ, ಕೆಂಪಾದರೆ ಸ್ಪೀಕರಿನಲ್ಲಿ ಗಂಟೆ. ಅದರ ಮುಂದೆ ಪಾಳಿಯ ಮೇಲೆ ಕೂರುವ ನಮಗೆ ಅಡ್ಮಿನ್ ಎಂದು ಹೆಸರು. ನಂದಿ ಪಕ್ಕದ ಹಳ್ಳಿಯಿಂದ ಡಿಪ್ಲೊಮಾ ಮುಗಿಸಿಕೊಂಡು ಬಂದಿದ್ದ ನಾನು ಆ ಪದವನ್ನು ಊರಲ್ಲಿ ಕೇಳಿದವರಿಗೂ ಹೇಳಿದ್ದೆ, ಕೇಳದವರಿಗೂ ಹೇಳಿದ್ದೆ.

ಮೇಡಂ ಅಡ್ಮಿನ್ ಆಗಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವೈರು ಚುಚ್ಚಿ ಲೈನ್ ಜೋಡಿಸುತ್ತಿದ್ದ ಕಾಲದ ಆಪರೇಟರ್. ಎಕ್ಸ್‌ಚೇಂಜು ತಾನೇ ತಾನಾಗಿ ನಂಬರ್ ಜೋಡಿಸತೊಡಗಿದ ಮೇಲೆ ಅಲ್ಲಿ ಅವರಿಗೆ ಕೆಲಸ ಬೇಸರವಾಗಿ, ಮುಂಚೆಯೇ ನಿವೃತ್ತಿ ಪಡೆದು, ನಮ್ಮ ಆಫೀಸಿಗೆ ಬರುವ ಫೋನುಗಳನ್ನು ಎತ್ತುವುದಕ್ಕೆ ಸೇರಿಕೊಂಡಿದ್ದರು. ಫೋನಿನ ಕೇಬಲ್ ನಮ್ಮ ಕಂಟ್ರೋಲ್ ರೂಮಿನವರೆಗೆ ಮಾತ್ರ ಬಂದಿದ್ದರಿಂದ ಅವರ ಮೇಜನ್ನು ಅಲ್ಲೇ ಹಾಕಿದ್ದರು. ನಮ್ಮ ಸಾಫ್ಟ್‌ವೇರಿನ ಹಣೆಬರಹ ಬದಲಾಗುವುದಕ್ಕೆ ಆ ಗಿಡ್ಡ ಕೇಬಲ್ಲೇ ಕಾರಣ ಎಂದರೆ ತಪ್ಪಾಗಲಾರದು.

ನಾನು ಮೊದಲ ದಿನ ಹೋದಾಗ ಸ್ಪೀಕರಿನ ಮೇಲೆ ಒಂದು ಟರ್ಕಿ ಟವೆಲ್ ಸುತ್ತಿತ್ತು. ಗಂಟೆ ಅದರೊಳಗಿಂದ ಗೊಣಗುತ್ತಿತ್ತು. ಕರೆಂಟು ಹೋದರೆ ಗಂಟೆ, ಬಂದರೆ ಗಂಟೆ, ಲೈನಿನಲ್ಲಿ ಒಂದು ಕ್ಷಣ ಗೊರಗೊರ ಎಂದರೆ ಗಂಟೆ. ನನಗಿಂತ ಮುಂಚೆ ಸೇರಿದ್ದವರು ಟವೆಲ್ಲನ್ನು ತೋರಿಸಿ, "ಇದೇ ನೋಡು ಮೊದಲನೇ ಟ್ರೈನಿಂಗು" ಎಂದು ನಕ್ಕರು. ಮೂಲೆಯ ಮೇಜಿನಿಂದ ಮೇಡಂ ಎದ್ದು ಬಂದು ಟವೆಲ್ ಬಿಚ್ಚಿ, ಮಡಿಸಿ, ನನ್ನ ಕೈಗೆ ಕೊಟ್ಟರು.

"ಇದನ್ನ ಮನೆಗೆ ತಗೊಂಡ್ ಹೋಗಪ್ಪ, ಸ್ನಾನಕ್ಕಾಗ್ತದೆ. ಗಂಟೆ ಜಾಸ್ತಿ ಆದ್ರೆ ಗಂಟೆ ರಿಪೇರಿ ಮಾಡ್ಸ್ಬೇಕು, ಕಿವಿ ಮುಚ್ಕೊಳ್ಳೋದಲ್ಲ."

ಅಂದಿನಿಂದ ಬೆನ್ನ ಹಿಂದೆ ಅವರಿಗೆ ಗಂಟೆ ಮೇಡಂ ಎಂದು ಹೆಸರಾಯಿತು. ಇಟ್ಟವರು ನಾವೇ. ಅದು ಅವರಿಗೆ ಗೊತ್ತಿತ್ತು, ಗೊತ್ತಿಲ್ಲದಂತೆ ಇದ್ದರು.

ರಿಪೇರಿಯನ್ನು ಅವರು ಒಂದು ಉದ್ದನೆಯ ನೋಟ್‌ಬುಕ್ಕಿನಿಂದ ಶುರು ಮಾಡಿದರು. ಒಂದು ತುದಿ ಕೆಂಪು, ಒಂದು ತುದಿ ನೀಲಿ ಇರುವ ಆಫೀಸಿನ ಪೆನ್ಸಿಲ್ ಅವರದು. ಗಂಟೆ ಹೊಡೆದಾಗಲೆಲ್ಲ ಹೊತ್ತು ಬರೆದು, ಯಾಕೆ ಹೊಡೆಯಿತೆಂದು ಬರೆದು, ಅದನ್ನು ಕೇಳಿ ಯಾರಾದರೂ ಏನಾದರೂ ಮಾಡಬೇಕಾಗಿ ಬಂತೇ ಎಂದು ಬರೆಯುತ್ತಿದ್ದರು. ಮಾಡಬೇಕಾಗಿ ಬಂದರೆ ಕೆಂಪು, ಇಲ್ಲದಿದ್ದರೆ ನೀಲಿ. ತಿಂಗಳಾಗುವಷ್ಟರಲ್ಲಿ ಪೆನ್ಸಿಲ್ಲಿನ ನೀಲಿ ಕಡೆ ಸವೆದು ಮೋಟಾಗಿತ್ತು. ಕೆಂಪು ಕಡೆ ಹೊಸದಾಗಿಯೇ ಇತ್ತು.

ಸಾಫ್ಟ್‌ವೇರ್ ಬರೆದುಕೊಟ್ಟ ಎಂಜಿನಿಯರ್ ಬೆಂಗಳೂರಿನಿಂದ ಮೂರು ತಿಂಗಳಿಗೊಮ್ಮೆ ಬರುತ್ತಿದ್ದ. ಒಳ್ಳೆಯ ಹುಡುಗ, ಅವಸರ ಜಾಸ್ತಿ. ಏನು ಬದಲಾವಣೆ ಬೇಕೋ ಬರೆದು ಮೇಲ್ ಮಾಡಿ ಎನ್ನುವುದು ಅವನ ಪಲ್ಲವಿ. ಆ ಸಲ ಮೇಡಂ ಅವನಿಗೆ ಕುರ್ಚಿ ಎಳೆದು ಹಾಕಿದರು.

"ಬರ್ದಿದ್ದೀನಪ್ಪ, ಪುಸ್ತಕದ ತುಂಬ. ಆದ್ರೆ ಓದೋಕ್ ಮುಂಚೆ ಒಂದು ಪಾಳಿ ಇಲ್ಲಿ ಕೂತ್ಕೋ. ನಿಂದೇ ಗಂಟೆ, ನೀನೇ ಕೇಳು."

ಅವನು ಮಧ್ಯಾಹ್ನದವರೆಗೆ ಕೂತ. ಊಟಕ್ಕೆ ಎದ್ದಾಗ ಕಿವಿ ಉಜ್ಜಿಕೊಳ್ಳುತ್ತಿದ್ದ. ಮೇಡಂ ಅವನಿಗೆ ತಮ್ಮ ಡಬ್ಬಿಯಿಂದ ಅವರೆಕಾಳು ಉಪ್ಪಿಟ್ಟು ಹಾಕಿಕೊಟ್ಟು, ಪುಸ್ತಕ ಬಿಡಿಸಿದರು. ಕರೆಂಟು ಹೋದರೆ ಬ್ಯಾಟರಿ ಇದೆ, ಹತ್ತು ನಿಮಿಷ ತಡೆದು ಹೊಡೆಯಲಿ ಎಂದರು. ಅವನು ಒಪ್ಪಿದ. ಆಮೇಲೆ ಅವರು ಹೇಳಿದ ಮಾತು ನನಗೆ ಡಿಪ್ಲೊಮಾದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

"ನೋಡಪ್ಪ, ರಿಂಗ್ ಹೋಗ್ತಾ ಇದ್ದು ಆ ಕಡೆಯೋರು ಎತ್ತಿಲ್ಲ ಅಂದ್ರೆ ಮನುಷ್ಯ ಇಲ್ಲ ಅಂತ. ರಿಂಗೇ ಹೋಗಲ್ಲ ಅಂದ್ರೆ ಲೈನ್ ಇಲ್ಲ ಅಂತ. ನಿನ್ ಪರದೆ ಎರಡಕ್ಕೂ ಒಂದೇ ಕೆಂಪು ತೋರಿಸ್ತದೆ. ಲೈನ್‌ಮನ್ನ ಕಳಿಸ್ಬೇಕೋ, ಕೇಂದ್ರದೋರನ್ನ ಎಬ್ಬಿಸ್ಬೇಕೋ, ಈ ಹುಡುಗರಿಗೆ ಹೆಂಗ್ ಗೊತ್ತಾಗ್ತದೆ?"

ಎಂಜಿನಿಯರ್ ಉಪ್ಪಿಟ್ಟಿನ ಕೈಯಲ್ಲೇ ಪುಸ್ತಕ ಎಳೆದುಕೊಂಡ. ಹೋಗುವಾಗ ಆಫೀಸಿನ ಎದುರಿನ ಅಂಗಡಿಯಲ್ಲಿ ಅದರ ಅಷ್ಟೂ ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಹೋದ. ಮುಂದಿನ ಸಲ ಬಂದಾಗ ಲೈನು ಕೆಟ್ಟರೆ ಒಂದು ಗುರುತು, ಕಂಪ್ಯೂಟರ್ ಕೆಟ್ಟರೆ ಇನ್ನೊಂದು ಗುರುತು ಬಂದಿತ್ತು. ಪ್ರತಿ ಗಂಟೆಯ ಜೊತೆಗೂ ಯಾರಿಗೆ ಫೋನ್ ಮಾಡಬೇಕು ಎನ್ನುವುದು ಕನ್ನಡದಲ್ಲೇ ಪರದೆಯ ಮೇಲೆ ಬರುತ್ತಿತ್ತು. ದಿನವಿಡೀ ಗೊಣಗುತ್ತಿದ್ದ ಸ್ಪೀಕರು ದಿನಕ್ಕೆ ಒಂದೆರಡು ಸಲ ಹೊಡೆಯತೊಡಗಿತು, ಹೊಡೆದಾಗ ಎಲ್ಲರೂ ತಲೆ ಎತ್ತಿ ನೋಡುತ್ತಿದ್ದೆವು. ಮ್ಯಾನೇಜರು ಮೇಡಂ ಅವರನ್ನೇ ಅಡ್ಮಿನ್‌ಗಳ ತರಬೇತಿಗೆ ಹಾಕಿದರು. ಮೌಸನ್ನು ಜರುಗಿಸುವ ಬದಲು ಎತ್ತಿ ಇಡುತ್ತಿದ್ದ ಹೆಂಗಸು ನಮಗೆ ಗುರು ಎಂದು ನಾವು ಒಳಗೊಳಗೇ ಮುಸಿನಗುತ್ತಿದ್ದೆವು. ಹಾಗೆ ನಗುತ್ತಿದ್ದವರಲ್ಲಿ ನಾನೇ ಮುಂದು.

ನಗು ನಿಂತದ್ದು ಗೌರಿಬಿದನೂರಿನ ಒಂದು ಫೋನಿನಿಂದ. ದಿನಾ ಬೆಳಿಗ್ಗೆ ನಾಲ್ಕೂ ಕೇಂದ್ರಗಳಿಗೆ ಮೇಡಂ ತಾವೇ ಫೋನ್ ಮಾಡುತ್ತಿದ್ದರು. ರಿಸೀವರನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿ, ಮೊದಲು ತಿಂಡಿ ಆಯ್ತಾ ಎಂದು ಕೇಳಿ, ಆಮೇಲೆ ಮೆಷಿನ್ನಿನ ಸುದ್ದಿ. ಚಿಂತಾಮಣಿಯವರಾದ್ದರಿಂದ ಮಾತು ಮುಗಿಸುವಾಗ ತೆಲುಗಿನ 'ಸರೇ' ತಾನಾಗಿ ಬರುತ್ತಿತ್ತು. ಅವತ್ತು ಗೌರಿಬಿದನೂರಿನವನು ಎಲ್ಲಾ ಸರಿಯಿದೆ ಎಂದ. ನಮ್ಮ ಪರದೆಯಲ್ಲೂ ಆ ಚೌಕ ಹಸಿರಾಗಿತ್ತು. ಮೇಡಂ 'ಸರೇ' ಅನ್ನಲಿಲ್ಲ.

"ನಿನ್ ಹಿಂದೆ ಕಂಪ್ರೆಸರ್ ಸದ್ದೇ ಇಲ್ವಲ್ಲಪ್ಪ. ದಿನಾ ಬುರ್ ಅಂತಿರ್ತದೆ. ಹೋಗಿ ನೋಡ್ಕೊಂಡ್ ಬಾ, ನಾನು ಹಿಡ್ಕೊಂಡಿರ್ತೀನಿ."

ಹಾಲು ತಂಪು ಮಾಡುವ ಕಂಪ್ರೆಸರ್ ನಿಂತು ಅರ್ಧ ಗಂಟೆಯಾಗಿತ್ತು. ಹಾಲು ಉಳಿಯಿತು. ಪರದೆ ಯಾಕೆ ಹಸಿರಾಗಿತ್ತು ಎಂದು ಹುಡುಕಿದರೆ, ಹೊಸ ಅಂಕಿ ಬಾರದೆ ಇದ್ದಾಗ ಸಾಫ್ಟ್‌ವೇರು ಹಳೆಯದನ್ನೇ ತೋರಿಸುತ್ತಾ ಕೂತಿತ್ತು. ಮೇಡಂ ಎಂಜಿನಿಯರನಿಗೆ ಫೋನ್ ಹಚ್ಚಿ, "ನಿನ್ನೆ ಅನ್ನಾನ ಇವತ್ತಿಂದು ಅಂತ ಬಡಿಸ್ತಿದೆಯಲ್ಲಪ್ಪ ನಿನ್ ಸಾಫ್ಟ್‌ವೇರು. ಪ್ರತಿ ಅಂಕಿ ಪಕ್ಕ ಅದು ಎಷ್ಟು ಹೊತ್ತಿಂದು ಅಂತ ಬರೆಸು" ಎಂದರು. ಈಗ ಅದು ಎಷ್ಟು ಸಾಮಾನ್ಯ ಮಾತು ಅನ್ನಿಸುತ್ತದೆ. ಅಂದು ನಮ್ಮಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ.

ಮುಂಚಿನ ತರಬೇತಿ ಎಂದರೆ ಎರಡು ದಿನ ಇಂಗ್ಲಿಷಿನ ದಪ್ಪ ಫೈಲು, ಬಿಸ್ಕತ್ತು, ಟೀ. ಮೇಡಂ ಬಂದ ಮೇಲೆ ಪ್ರತಿಯೊಬ್ಬ ಅಡ್ಮಿನ್ನೂ ಒಂದು ವಾರ ಯಾವುದಾದರೂ ಕೇಂದ್ರದಲ್ಲಿ ಹಾಲಿನ ಸಾಲಿನ ಹತ್ತಿರ ನಿಲ್ಲಬೇಕಾಯಿತು. ನನ್ನನ್ನು ಗೌರಿಬಿದನೂರಿಗೆ ಕಳಿಸಿದರು. ಮೂರನೇ ದಿನ ಬೆಳಿಗ್ಗೆ ಕಂಪ್ಯೂಟರ್ ನಿಂತಿತು. ಸಾಲಿನಲ್ಲಿ ಮೂವತ್ತು ಜನರಾದರೂ ಇದ್ದರು. ಕ್ಯಾನಿನ ಮೇಲೆ ಸೆರಗು ಮುಚ್ಚಿಕೊಂಡಿದ್ದ ಒಬ್ಬ ಹೆಂಗಸು ನನ್ನ ಕೊರಳಿನ ಐಡಿ ಕಾರ್ಡನ್ನು ನೋಡಿ, "ಏನಪ್ಪಾ, ನಿಮ್ ಡಬ್ಬ ಏಳೋದ್ರೊಳಗೆ ನಮ್ ಹುಡುಗಿ ಸ್ಕೂಲ್ ಬಸ್ಸು ಹೋಗ್ತದೆ. ಅವಳಿಗೆ ಜಡೆ ಹಾಕೋರ್ ಯಾರು?" ಎಂದಳು. ಗದರಲಿಲ್ಲ, ಸುಮ್ಮನೆ ಕೇಳಿದಳು. ನಮ್ಮಮ್ಮನೂ ಊರಲ್ಲಿ ದಿನಾ ಹೀಗೇ ಹಾಲು ಹಾಕುತ್ತಿದ್ದಳು, ನಾನು ಒಂದು ದಿನವೂ ಆ ಸಾಲಿನಲ್ಲಿ ನಿಂತವನಲ್ಲ. ವಾಪಸ್ಸು ಬಂದ ಮೇಲೆ ಕೆಂಪು ಚೌಕ ಕಂಡಾಗಲೆಲ್ಲ ನನಗೆ ಆ ಜಡೆ ನೆನಪಾಗುತ್ತಿತ್ತು. ಅಲ್ಲಿ ಏನು ಕಲಿತೆ ಎಂದು ಮೇಡಂ ಕೇಳಲೂ ಇಲ್ಲ.

ಅವರನ್ನು ದೇವತೆ ಮಾಡಿ ಕೂರಿಸುವುದು ನನ್ನ ಉದ್ದೇಶವಲ್ಲ. ಅವರ ಫೋನನ್ನು ಬೇರೆಯವರು ಮುಟ್ಟಿದರೆ ಮುಖ ಗಂಟಾಗುತ್ತಿತ್ತು. ಕಂಪ್ಯೂಟರ್ ಕಲಿಸಲು ಹೋದರೆ, "ಅದು ನಿಮಗಿರ್ಲಿ" ಎಂದು ಜಾರಿಕೊಳ್ಳುತ್ತಿದ್ದರು. 'ಸರ್ವರ್ ಡೌನ್' ಎಂದು ಹೇಳಿ ಸುಮ್ಮನಾದವನಿಗೆ ಅವತ್ತಿಡೀ ಗ್ರಹಚಾರ. "ಡೌನ್ ಅಂದ್ರೆ? ಎಲ್ಲಿಗ್ ಬಿತ್ತು? ಎತ್ತೋರ್ ಯಾರು?" ಎಂದು ಎಲ್ಲರೆದುರು ಕೇಳುತ್ತಿದ್ದರು. ನಾನು ಎರಡು ಸಲ ಕೇಳಿಸಿಕೊಂಡಿದ್ದೇನೆ. ಹಠವಂತೂ ಬೇಕಾದಷ್ಟಿತ್ತು. ಆ ಹಠ ಇಲ್ಲದಿದ್ದರೆ ಮುನಿರಾಜುವಿನ ಕೆಲಸ ಹೋಗುತ್ತಿತ್ತು, ನಾನೂ ಏನಾಗುತ್ತಿದ್ದೆನೋ ಗೊತ್ತಿಲ್ಲ.

ಮುನಿರಾಜು ಶಿಡ್ಲಘಟ್ಟ ಕೇಂದ್ರದ ಗುಮಾಸ್ತ. ಮಾತು ಕಡಿಮೆ, ಭಕ್ತಿ ಜಾಸ್ತಿ. ಆಯುಧಪೂಜೆಯ ದಿನ ನಮ್ಮ ಎಲ್ಲ ಕೇಂದ್ರಗಳಲ್ಲೂ ಬೆಳಗಿನ ಹಾಲು ಮುಗಿದ ಮೇಲೆ ಕಂಪ್ಯೂಟರ್ ಆರಿಸಿ, ಒರೆಸಿ, ವಿಭೂತಿ ಕುಂಕುಮ ಇಟ್ಟು, ಹೂ ಹಾಕಿ, ಬೂದುಗುಂಬಳಕಾಯಿ ಒಡೆಯುತ್ತಿದ್ದರು. ಉಳಿದ ಮೂರು ಕಡೆ ಸಂಜೆ ಹಾಲಿಗೆ ಮತ್ತೆ ಹಾಕುತ್ತಿದ್ದರು. ಮುನಿರಾಜು ಹಾಗಲ್ಲ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ಪೂಜೆ ಆಗುವ ತನಕ ಮುಟ್ಟಬಾರದೆಂದು ಅವರ ಮನೆಯ ಪದ್ಧತಿ. ಅವರಪ್ಪ ರೇಷ್ಮೆ ನೂಲು ತೆಗೆಯುವ ರಾಟೆಯನ್ನು ಹಾಗೇ ಇಡುತ್ತಿದ್ದರಂತೆ. ಸಂಜೆಯ ಹಾಲನ್ನು ಅವನು ಕೈಯಲ್ಲೇ ಬರೆದುಕೊಂಡು ಮಾರನೇ ದಿನ ಕಂಪ್ಯೂಟರಿಗೆ ಹಾಕುತ್ತಿದ್ದ. ಆ ವರ್ಷ ಟ್ಯಾಂಕೂ ಆಯುಧವೇ ತಾನೆ ಎಂದು ಅದಕ್ಕೂ ಚೆಂಡುಹೂವಿನ ದಪ್ಪ ಹಾರ ಹಾಕಿದ್ದ. ಆ ಹಾರ ಹಾಲಿನ ಬಿಸಿ ತೋರಿಸುವ ಮೀಟರಿನ ಗಾಜಿನ ಮೇಲೆ ಸರಿಯಾಗಿ ಕೂತಿತ್ತು.

ಆ ದಿನ ಮೇಡಂ ರಜೆ. ಬೆಳಗಿನ ಪಾಳಿ ನನ್ನದು. ಬೆಳಿಗ್ಗೆಯೇ ಮನೆಯಿಂದ ಫೋನ್ ಮಾಡಿ ತಿಂಡಿ ವಿಚಾರಿಸಿ, "ಇವತ್ತು ಎಲ್ಲಾ ಕೆಂಪಾಗೇ ಇರ್ತದೆ, ತಲೆ ಕೆಡಿಸ್ಕೋಬೇಡ" ಎಂದಿದ್ದರು. ಹಾಗೇ ಆಯಿತು. ಹತ್ತು ಗಂಟೆಯಿಂದ ಒಂದೊಂದೇ ಚೌಕ ಕೆಂಪಾಗಿ ಗಂಟೆ ಶುರುವಾಯಿತು. ಸ್ವಲ್ಪ ಹೊತ್ತು ತಡೆದುಕೊಂಡೆ. ಆಮೇಲೆ ಗಂಟೆ ನಿಲ್ಲಿಸುವ ಬಟನ್ ಒತ್ತಿದೆ, ನಾಲ್ಕು ಕೇಂದ್ರಗಳಿಗೂ ಸೇರಿಸಿ. ಕಡಲೆಪುರಿ ತಿಂದೆ. ಎರಡು ಗಂಟೆಗೆ ಪಾಳಿ ಬಿಟ್ಟು ಊರಿನ ಬಸ್ಸು ಹತ್ತಿದೆ. ಗಂಟೆ ನಿಲ್ಲಿಸಿದ್ದೇನೆ ಎಂದು ಮುಂದಿನ ಪಾಳಿಯವನಿಗೆ ಹೇಳಲಿಲ್ಲ.

ಮೂರು ಗಂಟೆಗೆ ಶಿಡ್ಲಘಟ್ಟದಲ್ಲಿ ಕರೆಂಟು ಹೋಗಿ ಬಂತು. ಕಂಪ್ರೆಸರ್ ಮತ್ತೆ ಏಳಲಿಲ್ಲ. ಹೂವಿನ ಕೆಳಗೆ ಮೀಟರಿನ ಮುಳ್ಳು ಏರಿದ್ದು ಯಾರಿಗೂ ಕಾಣಲಿಲ್ಲ. ಸಂಜೆಯ ಹಾಲನ್ನೂ ಅದೇ ಟ್ಯಾಂಕಿಗೆ ಸುರಿದರು. ಗಂಟೆ ಹೊಡೆಯುತ್ತಲೇ ಇದ್ದಿದ್ದರೆ, ಶಿಡ್ಲಘಟ್ಟದ ಚೌಕ ಸಂಜೆಯಾದರೂ ಯಾಕೆ ಕೆಂಪಾಗಿದೆ ಎಂದು ಮುಂದಿನ ಪಾಳಿಯವನು ಫೋನಾದರೂ ಮಾಡುತ್ತಿದ್ದ. ಮಾರನೇ ದಿನ ಬೆಳಿಗ್ಗೆ ಮೇಡಂ ಚಿಂತಾಮಣಿಯಿಂದ ಬರುತ್ತಾ, ಪ್ರಸಾದ ಕೊಟ್ಟು ಹೋಗೋಣ ಎಂದು ಶಿಡ್ಲಘಟ್ಟದಲ್ಲಿ ಇಳಿದರು. ಬಾಗಿಲಿಗೆ ಬರುವಷ್ಟರಲ್ಲೇ ಅವರಿಗೆ ಹುಳಿ ವಾಸನೆ ಬಂತಂತೆ. ಟ್ಯಾಂಕಿನ ಹಾಲು ಅಷ್ಟೂ ಚರಂಡಿಗೆ ಹೋಯಿತು.

ಮ್ಯಾನೇಜರು ನನ್ನನ್ನು ಕರೆದು, "ಗಂಟೆ ಹೊಡೀತಾ?" ಎಂದು ಕೇಳಿದರು. "ಇಲ್ಲ ಸರ್" ಎಂದೆ. ನಾನು ನಿಲ್ಲಿಸಿದ ಮೇಲೆ ಅದು ಹೊಡೆದಿರಲಿಲ್ಲ, ಅದು ನಿಜವೇ ಎಂದು ಮನಸ್ಸಿನೊಳಗೆ ಸಮಾಧಾನ ಮಾಡಿಕೊಂಡೆ. ಹಾಗಾದರೆ ಕಂಪ್ಯೂಟರ್ ಆರಿಸಿ ಕೂತ ಗುಮಾಸ್ತನದೇ ತಪ್ಪು ಎಂದಾಯಿತು. ಮುನಿರಾಜುವನ್ನು ಕೆಲಸದಿಂದ ತೆಗೆಯುವುದೆಂದು ತೀರ್ಮಾನವಾಗಿ, ಹತ್ತು ದಿನ ಬಿಟ್ಟು ಎಲ್ಲರನ್ನೂ ಕರೆದು ಆರ್ಡರ್ ಕೊಡುತ್ತಾರೆಂದು ಸುದ್ದಿ ಹರಡಿತು.

ಆ ಹತ್ತು ದಿನ ಮೇಡಂ ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ಬೈಯಲಿಲ್ಲ, ಕೆದಕಲಿಲ್ಲ. ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು, ಎಲ್ಲ ಕೇಂದ್ರಗಳಿಗೂ ಫೋನ್ ಮಾಡಿ ಕೇಳಿ ಕೇಳಿ ಬರೆಯುತ್ತಿದ್ದರು. ನನ್ನನ್ನು ಮಾತ್ರ ಕೇಳಲಿಲ್ಲ. ನನಗೆ ಅನ್ನ ಸೇರುತ್ತಿರಲಿಲ್ಲ. ಮುನಿರಾಜುವಿಗೆ ಇಬ್ಬರು ಮಕ್ಕಳೆಂದು ನನಗೆ ಗೊತ್ತಿತ್ತು.

ಮೀಟಿಂಗ್ ಮ್ಯಾನೇಜರ ಕೋಣೆಯಲ್ಲಿ. ನಾಲ್ಕು ಕೇಂದ್ರದವರು, ಅಡ್ಮಿನ್‌ಗಳು, ಬೆಂಗಳೂರಿನ ಎಂಜಿನಿಯರ್ ಎಲ್ಲ ಇದ್ದೆವು. ಮುನಿರಾಜು ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಟೈಪ್ ಮಾಡಿದ ಆರ್ಡರ್ ಮೇಜಿನ ಮೇಲಿತ್ತು. ಮೇಡಂ ಎದ್ದು, "ಸರ್, ಅದನ್ನ ಕೊಡೋಕ್ ಮುಂಚೆ ಹತ್ತು ನಿಮಿಷ ಕೊಡಿ. ಆವತ್ತು ಏನೇನು ನಡೀತು ಅಂತ ಓದ್ತೀನಿ. ಮುಂದೆ ಬರೋ ಅಡ್ಮಿನ್‌ಗಳಿಗೆ ಇದೇ ಪಾಠ ಆಗ್ಲಿ" ಎಂದರು. ಮ್ಯಾನೇಜರು ಗಡಿಯಾರ ನೋಡಿ ಹೂಂ ಎಂದರು.

ಪುಸ್ತಕದಲ್ಲಿ ಮೂರು ಕಲಂ ಇದ್ದವು. ಎಷ್ಟು ಹೊತ್ತಿಗೆ, ಏನು ನಡೆಯಿತು, ಹಾಗೆ ಮಾಡುವುದು ಯಾಕೆ ಸರಿ ಅನ್ನಿಸಿತು. ಯಾರು ಎನ್ನುವ ಕಲಂ ಇರಲಿಲ್ಲ.

"ಒಂದು. ಬೆಳಿಗ್ಗೆ ಎಂಟೂವರೆ. ಇವತ್ತು ಎಲ್ಲಾ ಕೆಂಪಾಗಿರ್ತದೆ, ತಲೆ ಕೆಡಿಸ್ಕೋಬೇಡ ಅಂತ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಹೇಳಿದ್ದು. ಯಾಕೆ ಸರಿ ಅನ್ನಿಸ್ತು ಅಂದ್ರೆ, ಹೋದ ವರ್ಷ ಹಂಗೇ ಆಗಿ ಏನೂ ತೊಂದ್ರೆ ಆಗಿರ್ಲಿಲ್ಲ." ಕನ್ನಡಕದ ಮೇಲಿಂದ ಎಲ್ಲರನ್ನೂ ನೋಡಿ ಹೇಳಿದರು. "ಇದು ಹೇಳಿದ್ದು ನಾನು."

ಎರಡು, ಕಂಪ್ಯೂಟರ್ ಆರಿಸಿದ್ದು. ಮೂರು, ಮೀಟರಿನ ಮೇಲೆ ಹಾರ ಹಾಕಿದ್ದು. ನಾಲ್ಕು, ಮತ್ತೆ ಕಂಪ್ಯೂಟರ್ ಹಾಕದೆ ಇದ್ದದ್ದು. ಒಂದೊಂದಕ್ಕೂ ಕಾರಣ ಓದುತ್ತಿದ್ದಂತೆ ಮುನಿರಾಜು ತಲೆ ಆಡಿಸುತ್ತಿದ್ದ. ಅವನ ಅಪ್ಪನ ರಾಟೆ ಕೂಡ ಆ ಕಲಂನಲ್ಲಿ ಇತ್ತು. ಐದು, ನಾಲ್ಕೂ ಚೌಕ ಕೆಂಪಾಗಿ ಗಂಟೆ ಶುರುವಾದದ್ದು.

"ಆರು. ಹನ್ನೊಂದು ಮುಕ್ಕಾಲು" ಎಂದು ನಿಲ್ಲಿಸಿದರು. ಲೋಟ ತೆಗೆದು ನೀರು ಕುಡಿದರು, ನಿಧಾನವಾಗಿ. ಲೋಟ ಇಟ್ಟು, "ಏಳು" ಎಂದರು.

ನಾನು ಯಾವಾಗ ಎದ್ದು ನಿಂತೆನೋ ನನಗೆ ಗೊತ್ತಿಲ್ಲ. "ಮೇಡಂ, ಆರನೇದು ಓದ್ಲಿಲ್ಲ."

"ಆರನೇದು ಬರ್ದಿಲ್ಲಪ್ಪ. ಹೊತ್ತು ಮಾತ್ರ ಸಾಫ್ಟ್‌ವೇರಲ್ಲಿದೆ. ಮಿಕ್ಕಿದ್ದು ನಾನ್ ಹೆಂಗ್ ಬರೀಲಿ?"

"ಗಂಟೆ ನಿಲ್ಸಿದ್ದು ನಾನು. ನಾಲ್ಕು ಕಡೇದೂ ನಿಲ್ಸ್‌ಬಿಟ್ಟೆ."

"ಯಾಕೆ ಸರಿ ಅನ್ನಿಸ್ತು?"

"ಹೆಂಗೂ ಪೂಜೆಗೇ ಕೆಂಪಾಗಿರೋದು ಅನ್ಕೊಂಡೆ. ತಲೆ ಸಿಡೀತಿತ್ತು. ಆಮೇಲೆ ಮರ್ತೆ. ಪಾಳಿ ಬಿಡೋವಾಗ್ಲೂ ಹೇಳ್ಲಿಲ್ಲ." ಮ್ಯಾನೇಜರ ಕಡೆ ಒಮ್ಮೆ ನೋಡಿದೆ. "ಸರ್ ಕೇಳ್ದಾಗ ಗಂಟೆ ಹೊಡೀಲಿಲ್ಲ ಅಂದೆ. ಅದು ಸರಿ ಅನ್ನಿಸ್ಲಿಲ್ಲ ಮೇಡಂ. ಭಯಕ್ಕೆ ಹಂಗಂದೆ."

ಅವರು ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಪೆನ್ಸಿಲ್ ಕೊಟ್ಟರು. "ಈಗ ಹೇಳಿದ್ದನ್ನೇ ಬರಿ. ನಿನ್ ಕೈಯಲ್ಲೇ ಇರ್ಲಿ." ಅಷ್ಟು ಜನರ ಮುಂದೆ ನಿಂತು ಬರೆದೆ. ಬರೆಯುವಾಗ ನಾಚಿಕೆಯಾಯಿತು, ಬರೆದು ಮುಗಿಸಿದ ಮೇಲೆ ಹತ್ತು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿಯಿತು. ಮುನಿರಾಜು ನನ್ನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು.

ಏಳು, ಎಂಟು ಓದಿ ಮೇಡಂ ಒಂಬತ್ತಕ್ಕೆ ಬಂದರು. "ಇದು ಆವತ್ತಿನದಲ್ಲ, ಮುಂಚಿಂದು. ಕಂಪ್ಯೂಟರ್ ಆರಿದ್ರೂ ಕೂಗೋ ಒಂದು ಸೈರನ್ನು ಟ್ಯಾಂಕ್ ಪಕ್ಕ ಬೇಕು ಅಂತ ಶಿಡ್ಲಘಟ್ಟದಿಂದ ಎರಡು ಸಲ ಪತ್ರ ಬಂದಿತ್ತು. ಬರೆದೋರು ಮುನಿರಾಜು. ಎರಡಕ್ಕೂ ಉತ್ತರ ಹೋಗಿಲ್ಲ. ಯಾಕೆ ಸರಿ ಅನ್ನಿಸ್ತು..." ಅಲ್ಲಿಗೆ ನಿಲ್ಲಿಸಿ ಮತ್ತೆ ಲೋಟ ಎತ್ತಿದರು.

ಆ ಪತ್ರಗಳು ಹೋಗುತ್ತಿದ್ದದ್ದು ಮ್ಯಾನೇಜರ ಮೇಜಿಗೆ. ಅವರು ಕಿಟಕಿಯಾಚೆ ಸ್ಕಂದಗಿರಿಯ ಕಡೆ ನೋಡುತ್ತಿದ್ದರು. ಮೇಡಂ ಲೋಟದ ನೀರನ್ನು ಪೂರ್ತಿ ಕುಡಿದು, ತುಟಿ ಒರೆಸಿಕೊಂಡು, "ಹತ್ತು" ಎಂದರು.

ಆರ್ಡರ್ ಡ್ರಾಯರಿನೊಳಗೆ ಹೋಯಿತು. ಮುನಿರಾಜುವಿನ ಕೆಲಸ ಉಳಿಯಿತು. ಆದರೆ ಅವನ ಫೈಲಿನಲ್ಲಿ 'ನಿರ್ಲಕ್ಷ್ಯ' ಎಂದು ಒಂದು ಟಿಪ್ಪಣಿ ಸೇರಿ, ಅವನ ನಂತರ ಸೇರಿದವರು ಸೂಪರ್‌ವೈಸರ್‌ಗಳಾದರೂ ಅವನು ಗುಮಾಸ್ತನಾಗಿಯೇ ಉಳಿದ. ನನಗೆ ಶಿಕ್ಷೆಯೆಂದು ಪಾಳಿ ಬಿಡಿಸಿ ಮೇಡಂ ಕೈಕೆಳಗೆ ಹಾಕಿದರು. ಅಂಥ ಶಿಕ್ಷೆ ಎಲ್ಲರಿಗೂ ಸಿಗುವುದಿಲ್ಲ. ಶಿಡ್ಲಘಟ್ಟಕ್ಕೆ ಸೈರನ್ ಬಂತು, ಯಾರೂ ಏನೂ ಹೇಳದೆ.

ಸಾಫ್ಟ್‌ವೇರೂ ಬದಲಾಯಿತು. "ಗಂಟೆ ಕಮ್ಮಿ ಮಾಡ್ಸಿದೆ, ನಿಲ್ಲಿಸೋ ಬಟನ್ ಕಡೆ ನೋಡ್ಲೇ ಇಲ್ಲ ನಾನು" ಎಂದು ಮೇಡಂ ತಮ್ಮನ್ನೇ ಬೈದುಕೊಂಡರು. ಕೆಟ್ಟು ಕೂತದ್ದಕ್ಕೂ, ಬೇಕೆಂದೇ ಆರಿಸಿದ್ದಕ್ಕೂ ಒಂದೇ ಬಣ್ಣ ಆಗಬಾರದೆಂದು ಮೂರನೆಯ ಬಣ್ಣ ಬಂತು. ಯಾವ ಹಳದಿ ಬೇಕು ಎಂದು ಎಂಜಿನಿಯರ್ ಕೇಳಿದ್ದಕ್ಕೆ ಮೇಡಂ ಪೂಜೆಗೆಂದು ಆಫೀಸಿನಲ್ಲಿಟ್ಟಿದ್ದ ಅರಿಶಿನ ಕುಂಕುಮದ ಬಟ್ಟಲು ತಂದು ಪರದೆಯ ಪಕ್ಕ ಹಿಡಿದರು. ಅವನು ಬಣ್ಣ ಹೊಂದಿಸಿದ. ಚೌಕ ಅರಿಶಿನವಾಗಬೇಕಾದರೆ ಯಾಕೆ ಆರಿಸಿದ್ದು, ಎಷ್ಟು ಹೊತ್ತಿನವರೆಗೆ ಎಂದು ಹೇಳಲೇಬೇಕು. ಹೇಳಿದ ಹೊತ್ತು ಮುಗಿದರೆ ಗಂಟೆ ತಾನಾಗಿ ಶುರು. ಮುಂದಿನ ಆಯುಧಪೂಜೆಗೆ ನಾಲ್ಕು ಚೌಕಗಳೂ ಅರಿಶಿನ ಬಣ್ಣದಲ್ಲಿ ಸುಮ್ಮನೆ ಕೂತಿದ್ದವು. ಶಿಡ್ಲಘಟ್ಟದ ಚೌಕದ ಕೆಳಗೆ 'ನಾಳೆ ಪೂಜೆ ಆಗುವ ತನಕ' ಎಂದಿತ್ತು. ಅದನ್ನು ಬದಲಾಯಿಸು ಎಂದು ಮುನಿರಾಜುವಿಗೆ ಮೇಡಂ ಒಂದು ದಿನವೂ ಹೇಳಲಿಲ್ಲ. ಸಂಜೆ ಎರಡು ಸಲ ಫೋನ್ ಮಾಡಿ ಮೀಟರ್ ಓದಿಸಿಕೊಂಡರು, ಅಷ್ಟೆ.

ಅವರು ಕೆಲಸ ಬಿಟ್ಟ ಮೇಲೂ ಹೊಸಬರಿಗೆ ಮೊದಲನೇ ಪಾಠ ಆ ಪುಟವೇ. ಜೆರಾಕ್ಸ್ ಮಾಡಿಸಿದ ಪ್ರತಿಯನ್ನು ನಾನೇ ಓದುತ್ತೇನೆ. ಆರನೇ ಸಾಲು ಬಂದಾಗ ಇದು ನನ್ನ ಅಕ್ಷರ ಎಂದು ಹೇಳುತ್ತೇನೆ. ಒಂಬತ್ತನೆಯದರಲ್ಲಿ ಕೊನೆಯ ಕಲಂ ಖಾಲಿ. ಯಾಕೆ ಸರ್ ಎಂದು ಯಾರಾದರೂ ಕೇಳುತ್ತಾರೆ. ಅದು ಇನ್ನೂ ಬರೆದಾಗಿಲ್ಲ ಎನ್ನುತ್ತೇನೆ.

ವೈಕುಂಠ ಸಮಾರಾಧನೆಗೆ ಚಿಂತಾಮಣಿಗೆ ಹೋದೆ. ಮನೆ ಮುಂದೆ ಶಾಮಿಯಾನ ಹಾಕಿದ್ದರು. ಮುನಿರಾಜು ಬೆಳಿಗ್ಗೆಯೇ ಬಂದು, ಟವೆಲ್ ಸೊಂಟಕ್ಕೆ ಸುತ್ತಿಕೊಂಡು ಬಡಿಸುವುದಕ್ಕೆ ನಿಂತಿದ್ದ. ಮೇಡಂ ಮಗಳು ಒಳಗಿಂದ ಆ ಉದ್ದನೆಯ ಪುಸ್ತಕವನ್ನೂ ಪೆನ್ಸಿಲ್ಲನ್ನೂ ತಂದು ನನಗೆ ಕೊಟ್ಟರು. "ಇದು ಆಫೀಸಿಗೆ ಸೇರ್ಬೇಕು ಅಂತಿದ್ರು ಅಮ್ಮ."

ಅಷ್ಟು ಹೊತ್ತಿಗೆ ನಮ್ಮ ಹಳೆಯ ಮ್ಯಾನೇಜರು ಬಂದರು. ನಿವೃತ್ತರಾಗಿ ಎರಡು ವರ್ಷವಾಗಿತ್ತು, ಕೈಯಲ್ಲಿ ಕೋಲಿತ್ತು. ಫೋಟೋಗೆ ಹೂ ಹಾಕಿ, ಬಹಳ ಹೊತ್ತು ನಿಂತಿದ್ದು, ನನ್ನ ಹತ್ತಿರ ಬಂದು ಕೂತರು. ಪುಸ್ತಕದ ಕಡೆ ನೋಡಿ, "ಅದೇನಾ?" ಎಂದರು. ಹೌದೆಂದು ಆ ಪುಟ ತೆಗೆದು ಕೊಟ್ಟೆ. ಅವರು ಬೆರಳಿನಿಂದ ಸಾಲು ಸಾಲೇ ಇಳಿದು ಒಂಬತ್ತರ ಮೇಲೆ ನಿಲ್ಲಿಸಿದರು. ಪೆನ್ಸಿಲ್ ಕೇಳಿದರು. ಕೋಲನ್ನು ಕುರ್ಚಿಗೆ ಒರಗಿಸಿ, ನಿಧಾನವಾಗಿ ಬರೆದರು.

'ಎರಡು ಪತ್ರಗಳನ್ನೂ ಓದಿದ್ದೆ. ಅಲ್ಲಿಯವರೆಗೆ ಹಾಲು ಕೆಟ್ಟಿರಲಿಲ್ಲ. ಗುಮಾಸ್ತ ಹೇಳಿದ್ದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನಿಸಿತು.' ಕೆಳಗೆ ತಮ್ಮ ಸಹಿ ಹಾಕಿದರು. ಆ ಪುಟದಲ್ಲಿ ಸಹಿ ಇರುವುದು ಅದೊಂದಕ್ಕೇ.

"ಮುನಿರಾಜು" ಎಂದು ಕರೆದರು. ಅವನು ಸಾರಿನ ಬಕೆಟ್ ಕೆಳಗಿಟ್ಟು, ಟವೆಲ್ಲಿಗೆ ಕೈ ಒರೆಸಿಕೊಂಡು ಬಂದ. ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದು ಓದಿದ. ಮತ್ತೊಂದು ಸಲ ಓದಿದ. ಮ್ಯಾನೇಜರು ತಲೆ ಎತ್ತಲಿಲ್ಲ. ಅವನು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, ಅವರ ಕಡೆ ಬಗ್ಗಿ ಕೇಳಿದ.

"ಊಟ ಆಯ್ತಾ ಸರ್?"

"ಇಲ್ಲಪ್ಪ."

"ಬನ್ನಿ" ಎಂದು ಅವರ ಕೋಲನ್ನು ತಾನು ಹಿಡಿದುಕೊಂಡು ಪಂಕ್ತಿಗೆ ಕರೆದುಕೊಂಡು ಹೋದ. ಅವರಿಗೆ ಎಲೆ ಹಾಕಿದ. ಬಡಿಸುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ, ಪಕ್ಕದ ಎಲೆಗೆ ತಾನೂ ಕೂತ.